ಬಲ ಅಂಚಿನ ಗಿಳಿ

ಚರ್ಚಾ ಸ್ಪರ್ಧೆಗಳಲ್ಲಿ ನಾನು ಗೆದ್ದು ತಂದ ಕಪ್ಪುಗಳಿಗೆ ಅವ್ವ ಒಂದೊಂದು ಕೆಲಸ ಹಚ್ಚಿದ್ದಾಳೆ. ಜಿಲ್ಲಾ ಮಟ್ಟದ್ದರಲ್ಲಿ ಸೌಟು, ಚಿಮಟ ನಿಂತಿವೆ. ಅಂತರ ಕಾಲೇಜಿನದರಲ್ಲಿ ಸೀಗೇಪುಡಿ. ಎರಡು ಕಿವಿಯ ದೊಡ್ಡ ಕಪ್ಪು ಮಾತ್ರ ಟಿವಿ ಪಕ್ಕದಲ್ಲಿ ಖಾಲಿ ಕೂತಿದೆ. ಅದರ ತಳದಲ್ಲಿ ತೂತಿರುವುದರಿಂದ ಯಾವುದಕ್ಕೂ ಬರಲಿಲ್ಲ. "ನೋಡಾಕೆ ದೊಡ್ಡದು, ಹಿಡಿಯೋದು ಏನೂ ಇಲ್ಲ. ನಿನ್ನಂಗೇ," ಎನ್ನುತ್ತಾಳೆ ಅವ್ವ. ಅದನ್ನು ಖಂಡಿಸಲು ನನ್ನ ಬಳಿ ಅಂಶಗಳಿವೆ. ಆದರೆ ಅವ್ವ ಎದುರಾಳಿಗೆ ಸಮಯ ಕೊಡುವ ಪೈಕಿಯವಳಲ್ಲ.

ಚಳ್ಳಕೆರೆಯ ಒಂದು ಕಾಲೇಜಿನಲ್ಲಿ ನಾನು ಕಂಪ್ಯೂಟರ್ ವಿಷಯದ ಅತಿಥಿ ಉಪನ್ಯಾಸಕಿ. ದೇವರಿಂದ ದೋಸೆಹಿಟ್ಟಿನವರೆಗೆ ಯಾವುದನ್ನೂ ಕೇಳಿದ ಕೂಡಲೇ ಒಪ್ಪದಿರುವುದು ನನ್ನ ಅಭ್ಯಾಸ. ಚರ್ಚೆಗೆ ತಯಾರು ಮಾಡಿದ ಗುರುಗಳು ನನಗೆ ಎರಡು ಸೂತ್ರ ಕಲಿಸಿದ್ದರು. ಒಂದು, ಬೇರೆಯವರ ಭಾಷಣವನ್ನು ಎಂದೂ ಎರವಲು ತರಬಾರದು. ಎರಡು, ಮಾತಿನಲ್ಲಿ ಭರ್ತಿಗೆ ಹಾಕಿದ್ದನ್ನೆಲ್ಲ ಕತ್ತರಿಸಬೇಕು. ಈ ಎರಡು ಸೂತ್ರಗಳಿಂದ ನಾನು ಕಪ್ಪುಗಳನ್ನು ಗೆದ್ದೆ. ಅವೇ ಎರಡರಿಂದ ಮೊಳಕಾಲ್ಮುರಿನಲ್ಲಿ ನನ್ನ ಅತ್ತೆಯ ಕೆಲಸವನ್ನು ಹೆಚ್ಚೂಕಡಿಮೆ ಕಳೆದುಬಿಟ್ಟಿದ್ದೆ.

ಅತ್ತೆ ಅಂದರೆ ಅಪ್ಪನ ಅಕ್ಕ. ರೇಷ್ಮೆ ಸೀರೆಯ ಮಗ್ಗಗಳಿಗೆ ಕಾರ್ಡು ಹೊಡೆಯುತ್ತಾಳೆ. ಮಗ್ಗದ ನೆತ್ತಿಯ ಮೇಲಿನ ಯಂತ್ರದಲ್ಲಿ ರಟ್ಟಿನ ಕಾರ್ಡುಗಳ ಸರವೊಂದು ತಿರುಗುತ್ತಿರುತ್ತದೆ. ಕಾರ್ಡಿನಲ್ಲಿ ತೂತಿದ್ದ ಕಡೆ ಎಳೆ ಮೇಲೇಳುತ್ತದೆ, ಇಲ್ಲದ ಕಡೆ ಸುಮ್ಮನಿರುತ್ತದೆ. ಹಾಗೆ ಒಂದೊಂದು ಸಾಲಿಗೆ ಒಂದೊಂದು ಕಾರ್ಡಾಗಿ ಸೀರೆಯ ಅಂಚಿನಲ್ಲಿ ಗಿಳಿಯೋ ಮಾವಿನಕಾಯಿಯೋ ಮೂಡುತ್ತದೆ. ಚೌಕಳಿ ಹಾಳೆಯಲ್ಲಿ ಬರೆದ ಚಿತ್ರವನ್ನು ಸಾಲುಸಾಲಾಗಿ ನೋಡಿಕೊಂಡು ರಟ್ಟಿಗೆ ತೂತು ಹೊಡೆಯುವುದು ಅವಳ ಕೆಲಸ. ಇದು ನಮ್ಮ ಮನೆತನದ ಕಸುಬಲ್ಲ. ಮದುವೆಯಾಗಿ ಆ ಊರಿಗೆ ಹೋದ ಮೇಲೆ ಬೀದಿಯವರಿಂದ ಕಲಿತದ್ದು. ಜೊತೆಗೆ ಬೀದಿಯವರ ತೆಲುಗನ್ನೂ ಕಲಿತು, ಈಗ ಎರಡು ಭಾಷೆಯಲ್ಲಿ ಬಯ್ಯಬಲ್ಲಳು.

ಸಕ್ಕರೆ ಕಾಯಿಲೆ ಅವಳ ಕಣ್ಣಿಗೆ ಇಳಿಯಿತು. ಹಾಳೆಯ ಚೌಕಗಳು ಒಂದರೊಳಗೊಂದು ಕಲೆಸಿಹೋಗತೊಡಗಿದವು. ರಟ್ಟಿನ ಮೇಲೆ ಉಳಿ ಇಡುವ ಜಾಗ ಬೆರಳಿಗೆ ತಾನಾಗಿಯೇ ಸಿಗುತ್ತಿತ್ತು, ಅದಕ್ಕೆ ತೊಂದರೆಯಿರಲಿಲ್ಲ. ಎಲ್ಲಿ ಹೊಡೆಯಬೇಕು, ಎಲ್ಲಿ ಬಿಡಬೇಕು ಎಂಬುದೇ ಕಾಣುತ್ತಿರಲಿಲ್ಲ. ಆಗ ಮಾವ, ಕಂಪ್ಯೂಟರ್ ರಿಪೇರಿ ಮಾಡಿಕೊಂಡಿದ್ದವರು, ಒಂದು ಪ್ರೋಗ್ರಾಂ ಬರೆದರು. ಮಾವ ಹಾಳೆಯ ಚಿತ್ರವನ್ನು ಕಂಪ್ಯೂಟರಿಗೆ ತುಂಬಿಟ್ಟರೆ, ಅದರ ಒಂದೊಂದು ಚೌಕವನ್ನೂ ಪ್ರೋಗ್ರಾಂ ಸದ್ದಾಗಿ ಹೇಳುತ್ತದೆ. ತೂತು ಬೇಕಾದಲ್ಲಿ 'ಟಿಣ್', ಬೇಡವಾದಲ್ಲಿ 'ಡಬ್'. ಮುಂದಿನ ಚೌಕಕ್ಕೆ ಸ್ಪೇಸ್ ಬಾರ್ ಒತ್ತಬೇಕು.

ಆದರೆ ಅತ್ತೆಯ ಎರಡು ಕೈಯೂ ಉಳಿ ಸುತ್ತಿಗೆಯಲ್ಲಿರುತ್ತವೆ. ಅದಕ್ಕೆ ಕೀಬೋರ್ಡನ್ನು ನೆಲಕ್ಕಿಟ್ಟು ಕಾಲ ಹೆಬ್ಬೆರಳಿನಿಂದ ಒತ್ತು ಎಂದರು ಮಾವ. ಅಕ್ಷರಕ್ಕೆ ಕಾಲು ತಾಗಿಸಲು ಅತ್ತೆ ಸುತರಾಂ ಒಪ್ಪಲಿಲ್ಲ. ಮಾವ ವಾದಿಸಲಿಲ್ಲ. ಸ್ಕ್ರೂಡ್ರೈವರ್ ತಂದು ಅಕ್ಷರವಿದ್ದ ಕೀಲಿಗಳನ್ನೆಲ್ಲ ಮೀಟಿ ತೆಗೆದರು. ಉಳಿದದ್ದು ಉದ್ದದ ಬೋಳು ಸ್ಪೇಸ್ ಬಾರ್ ಒಂದೇ. ಅದರ ಮೇಲೆ ಏನೂ ಬರೆದಿಲ್ಲವಾದ್ದರಿಂದ ಸರಸ್ವತಿಗೂ ಅತ್ತೆಗೂ ತಂಟೆಯಿಲ್ಲ. "ಇದು ಮೂಢನಂಬಿಕೆಗೆ ಶರಣಾಗತಿ ಮಾವ," ಎಂದಿದ್ದೆ ನಾನು. "ಹೌದಮ್ಮ, ಆದ್ರೆ ಕೆಲಸ ನಡೀತೈತಲ್ಲ," ಎಂದಿದ್ದರು ಅವರು.

ಆ ಹಳೆಯ ಕಂಪ್ಯೂಟರ್ ಸತ್ತುಹೋಯಿತು. ಹೊಸ ಲ್ಯಾಪ್‌ಟಾಪಿನಲ್ಲಿ ಮಾವನ ಪ್ರೋಗ್ರಾಂ ಎದ್ದರೂ ಬಾಯಿ ಬಿಡಲಿಲ್ಲ. ಹಳೆಯ ಯಂತ್ರಕ್ಕೆ ಸದ್ದು ಮಾಡಲು ಹೇಳುತ್ತಿದ್ದ ರೀತಿ ಹೊಸದಕ್ಕೆ ತಿಳಿಯದು. ಅದೇ ಹೊತ್ತಿಗೆ ಎದುರುಮನೆಯ ನೇಕಾರಣ್ಣ ಹೊಸ ಗಿಳಿ ಅಂಚಿನ ಹಾಳೆ ತಂದುಕೊಟ್ಟಿದ್ದ. ಕೊಡುವಾಗಲೇ ಮೆಲ್ಲಗೆ ಒಂದು ಮಾತು ಹಾಕಿದ್ದ: "ಕಷ್ಟ ಆದ್ರೆ ಬಿಡಕ್ಕ. ಧರ್ಮಾವರಂನಲ್ಲಿ ಮೆಷಿನ್ನಲ್ಲೇ ಹೊಡೆದು ಕೊಡ್ತಾರಂತೆ." ಅವನೊಬ್ಬ ಧರ್ಮಾವರಂ ಬಸ್ಸು ಹತ್ತಿದರೆ ಉಳಿದ ಮಗ್ಗದವರೂ ಹಿಂದೆಯೇ ಹತ್ತುತ್ತಾರೆಂದು ಅತ್ತೆಗೆ ಗೊತ್ತಿತ್ತು. ಅವಳು ನನಗೆ ಫೋನು ಮಾಡಿದಳು. "ಅಷ್ಟೊಂದು ಮಾತಾಡ್ತೀಯಲ್ಲ, ಒಂದು ಕಂಪ್ಯೂಟರಿಗೆ ಮಾತು ಬರ್ಸಕ್ಕೆ ಆಗಲ್ವೇನೇ?"

ಹೋದೆ. ಚಾಪೆಯ ಮೇಲೆ ಲ್ಯಾಪ್‌ಟಾಪು, ಅದರ ಪಕ್ಕ ಒಗ್ಗರಣೆ ಮಂಡಕ್ಕಿ, ಈ ಕಡೆ ನಾನು, ಆ ಕಡೆ ಮಾವ. ಪ್ರೋಗ್ರಾಂ ನೋಡಿ ನಗು ಬಂತು. ಮಾವ ಅದನ್ನು ಪ್ಯಾಸ್ಕಲ್ ಎಂಬ ಹಳೆಯ ಭಾಷೆಯಲ್ಲಿ ಬರೆದಿದ್ದರು. ಎಂದೋ ಡಿಪ್ಲೊಮಾದಲ್ಲಿ ಕಲಿತದ್ದು ಅದೊಂದೇ ಅಂತೆ.

"ಇದನ್ನ ಬಿಸಾಕಿ ಮಾವ, ನಾನು ಹೊಸಾದು ಬರೀತೀನಿ. ಪ್ಯಾಸ್ಕಲ್ಲಲ್ಲಿ ಈಗ ಯಾರು ಬರೀತಾರ್ರೀ?"

"ನಾನು ಬರೀತೀನಿ."

"ನೀವು ಬಿಟ್ಟು?"

"ನಾನು ಬಿಟ್ಟಿಲ್ವಲ್ಲಮ್ಮ."

ಭಾಷೆಗಳ ವಿಕಾಸದ ಬಗ್ಗೆ ನಾನು ಒಂದು ಒಳ್ಳೆಯ ಭಾಷಣ ಮಾಡಿದೆ. ಪೀಠಿಕೆ, ಮೂರು ಅಂಶ, ಉಪಸಂಹಾರ. ಅತ್ತೆ ಮಂಡಕ್ಕಿ ತಟ್ಟೆ ನನ್ನ ಕಡೆ ಸರಿಸಿ ತೀರ್ಪು ಕೊಟ್ಟಳು. "ನೀನು ಹೊಸಾದು ಬರೆದ್ರೆ ನಂಗೆ ಬೇಕಾದ್ದು ಬರೆಯಲ್ಲ, ನಿಂಗೆ ಬೇಕಾದ್ದು ಬರೀತೀಯ. ನನ್ನ ಕಿವಿ, ಕಾಲು, ಕೈ ಎಲ್ಲ ಇದಕ್ಕೇ ಹೊಂದಿಕೊಂಡೈತೆ. ಇದನ್ನ ಮುಟ್ಟಬ್ಯಾಡ. ಬಾಯಿ ಬರ್ಸು, ಸಾಕು."

ಹಾಗಾಗಿ ನಾನು ಗೆಲ್ಲಬೇಕಾದ ಚರ್ಚೆಯಲ್ಲಿ ಸೋತು, ಮಾಡಬಾರದೆಂದುಕೊಂಡ ಕೆಲಸವನ್ನೂ ಗಿಳಿಯ ಹಾಳೆಯನ್ನೂ ಹಿಡಿದು ಚಳ್ಳಕೆರೆ ಬಸ್ಸು ಹತ್ತಿದೆ.

ಕೆಲಸ ಇಷ್ಟು. ಚಿತ್ರ ತೋರಿಸಲು, ಸದ್ದು ಮಾಡಲು, ಕೀಲಿ ಒತ್ತಿದ್ದನ್ನು ತಿಳಿಯಲು ಯಾರೋ ಪುಣ್ಯಾತ್ಮರು ಬರೆದಿಟ್ಟ ಮಲ್ಟಿಮೀಡಿಯಾ ಲೈಬ್ರರಿಯೊಂದಿದೆ, ಪುಸ್ತಕಗಳದ್ದಲ್ಲ, ಸಿದ್ಧ ಪ್ರೋಗ್ರಾಮುಗಳದ್ದು. ಯಾರು ಬೇಕಾದರೂ ಬಳಸಬಹುದು. ಅದು ಸಿ ಎಂಬ ಭಾಷೆಯದು. ಅದರ ಜೊತೆಗೆ ಹೆಡರ್ ಎಂಬ ಕಡತಗಳು ಬರುತ್ತವೆ. ಹೆಡರ್ ಏನನ್ನೂ ಮಾಡುವುದಿಲ್ಲ. ಒಳಗೆ ಯಾರಿದ್ದಾರೆ, ಅವರನ್ನು ಯಾವ ಹೆಸರಿನಿಂದ ಕೂಗಬೇಕು, ಕೈಗೆ ಏನು ಕೊಡಬೇಕು, ಅವರು ಏನು ತಂದುಕೊಡುತ್ತಾರೆ, ಅದಕ್ಕೆ ಎಷ್ಟು ಜಾಗ ಮಾಡಿಟ್ಟಿರಬೇಕು ಎಂದು ಸಾರುತ್ತದೆ, ಅಷ್ಟೇ. ಇದನ್ನು ಪ್ಯಾಸ್ಕಲ್ ಭಾಷೆಗೆ ಅನುವಾದಿಸಿದರೆ ಮಾವನ ಪ್ರೋಗ್ರಾಂ ಆ ಲೈಬ್ರರಿಯನ್ನು ಕರೆಯಬಹುದು. ಬರೀ ಘೋಷಣೆ, ಕೆಲಸ ಸೊನ್ನೆ. ಈ ಕೆಲಸ ನನಗೇ ಹೇಳಿ ಮಾಡಿಸಿದ್ದು ಎಂದು ನಮ್ಮ ಸ್ಟಾಫ್ ರೂಮಿನಲ್ಲಿ ಯಾರಾದರೂ ಹೇಳುವ ಮುಂಚೆ ನಾನೇ ಹೇಳಿಕೊಂಡೆ.

ಹುಡುಕಿದಾಗ ಆ ಹೆಡರ್‌ಗಳ ಪ್ಯಾಸ್ಕಲ್ ಅನುವಾದ ಆಗಲೇ ಒಂದಿತ್ತು. ಯಾವ ದೇಶದವರೋ, ಅಪರಿಚಿತರು, ಸಾಲಿಗೆ ಸಾಲು ಇಟ್ಟು ಮಾಡಿದ್ದರು. ಇಳಿಸಿಕೊಂಡೆ, ಕಣ್ಣಾಡಿಸಿದೆ, ಮೂಗು ಮುರಿದೆ. ಮೂಲದಲ್ಲಿದ್ದ ಒಂದು ಸಾಲನ್ನೂ ಅವರು ಬಿಟ್ಟಿರಲಿಲ್ಲ. ಗುಲಾಮಗಿರಿ! ಬೇರೆಯವರ ಭಾಷಣ ಎರವಲು ತರಬಾರದು ಎಂಬ ಮೊದಲ ಸೂತ್ರದಂತೆ ಅದನ್ನು ಮುಚ್ಚಿ ನಾನೇ ಬರೆಯಲು ಕೂತೆ.

ಆಮೇಲೆ ಎರಡನೆಯ ಸೂತ್ರ. ಲೈಬ್ರರಿಯು ಹೊರಗೆ ನಡೆದದ್ದನ್ನೆಲ್ಲ ಒಂದೇ ಅಳತೆಯ ಡಬ್ಬಿಯಲ್ಲಿ ಹಾಕಿ ತಂದುಕೊಡುತ್ತದೆ. ಕೀಲಿ ಒತ್ತಿದರೂ ಅದೇ ಡಬ್ಬಿ, ಮೌಸ್ ಅಲುಗಿದರೂ ಅದೇ ಡಬ್ಬಿ. ಡಬ್ಬಿಯೊಳಗೆ ಏನೇನು ಇರಬಹುದು ಎಂದು ಹೆಡರಿನಲ್ಲಿ ಉದ್ದಕ್ಕೆ ಬರೆದಿತ್ತು. ಮೌಸು, ಬೆರಳು ಸವರುವ ಪರದೆ, ಆಟದ ಜಾಯ್‌ಸ್ಟಿಕ್ಕು, ಇನ್ನೂ ಏನೇನೋ. ನಮ್ಮತ್ತೆ ಮೊಳಕಾಲ್ಮುರಿನಲ್ಲಿ ಕೂತು ಜಾಯ್‌ಸ್ಟಿಕ್ ಹಿಡಿದು ಗಿಳಿ ಹೊಡೆಯುತ್ತಾಳೆಯೇ? ತೆಗೆದೆ. ಬೆರಳು ಸವರುತ್ತಾಳೆಯೇ? ತೆಗೆದೆ. ಕೊನೆಗೆ ಉಳಿದದ್ದು ಕೀಲಿ ಒತ್ತಿದ ಸುದ್ದಿ, ಮತ್ತು ಪ್ರೋಗ್ರಾಂ ಮುಚ್ಚಿದ ಸುದ್ದಿ. ಎಲ್ಲದರ ತಳದಲ್ಲಿ ಇನ್ನೊಂದು ಸಾಲಿತ್ತು: ಪ್ಯಾಡಿಂಗ್. ಸುಮ್ಮನೆ ಒಂದಷ್ಟು ಜಾಗ, ಅದರಲ್ಲಿ ಏನನ್ನೂ ಇಡುವುದಿಲ್ಲ, ಯಾರೂ ಅದನ್ನು ಓದುವುದಿಲ್ಲ. ಭರ್ತಿಗೆ ಹಾಕಿದ್ದು ಎಂದು ತನ್ನ ಬಾಯಿಂದಲೇ ಒಪ್ಪಿಕೊಂಡ ಸಾಲನ್ನು ನಾನು ನನ್ನ ಜೀವಮಾನದಲ್ಲಿ ಅದೇ ಮೊದಲು ಕಂಡದ್ದು. ಅದನ್ನು ಅಳಿಸುವಾಗ ಆದ ಸುಖ ಕಪ್ಪು ಎತ್ತುವಾಗಲೂ ಆಗಿರಲಿಲ್ಲ.

ಮನೆಯಲ್ಲೇ ಪರೀಕ್ಷೆ ಮಾಡಿದೆ. ಗಿಳಿಯ ಎಡ ಅಂಚು ಹಾಕಿ ಸ್ಪೇಸ್ ಬಾರ್ ಒತ್ತಿದೆ. ಟಿಣ್, ಟಿಣ್, ಡಬ್. ಹಾಳೆಯೊಂದಿಗೆ ಹೋಲಿಸಿದೆ, ಒಂದೂ ತಪ್ಪಿಲ್ಲ. ಅವ್ವ ಕಡಲೇಕಾಯಿ ಸುಲಿಯುತ್ತಾ, "ಇದೇನು ನಿಮ್ಮ ಭಾಷಣದ ಬೆಲ್ಲು ಹೊಡೆದಂಗೈತೆ. ನೀನು ಮಾತು ನಿಲ್ಸೇ ಇಲ್ವಲ್ಲ," ಎಂದಳು.

ಮುಂದಿನ ಭಾನುವಾರ ಮೊಳಕಾಲ್ಮುರಿನಲ್ಲಿ ಲ್ಯಾಪ್‌ಟಾಪು ಬಾಯಿ ಬಿಟ್ಟಿತು. ಅದಕ್ಕೆ ಸಿಕ್ಕಿಸಿದ ಹಳೆಯ ಬೋಳು ಕೀಬೋರ್ಡಿಗೆ ಅತ್ತೆ ಕಾಲ ಹೆಬ್ಬೆರಳು ಇಟ್ಟಳು, ಟಿಣ್ ಅಂತು, ಸುತ್ತಿಗೆ ಬಿತ್ತು. ಅವಳ ಮುಖ ನೋಡಿದಾಗ, ಇಂಥ ದಿನ ನಾಸ್ತಿಕಳಾಗಿರುವುದು ಸ್ವಲ್ಪ ನಷ್ಟ ಅನ್ನಿಸಿತು, ಯಾರಿಗಾದರೂ ಕೈ ಮುಗಿಯಬಹುದಿತ್ತು. ಎಡ ಅಂಚಿನ ಕಂತೆ ಮುಗಿಸಿ ಬಲ ಅಂಚಿನ ಕಂತೆಯನ್ನೂ ಆ ವಾರದಲ್ಲಿ ಹೊಡೆದು ನೇಕಾರಣ್ಣನಿಗೆ ಕೊಟ್ಟಳಂತೆ. ಅವರ ಬೀದಿಯ ಮಗ್ಗಗಳಲ್ಲಿ ಎರಡು ಬದಿಗೆ ಬೇರೆ ಬೇರೆ ಕಂತೆ ಕಟ್ಟುತ್ತಾರೆ. ಚಿತ್ರ ಒಂದೇ, ಆದರೆ ಬಲಕ್ಕೆ ಬರುವುದು ಕನ್ನಡಿಯಲ್ಲಿ ಕಂಡಂತೆ ತಿರುಗಿರಬೇಕು. ಆಗ ಎರಡು ಬದಿಯ ಗಿಳಿಗಳೂ ಸೀರೆಯ ಒಡಲಿನ ಕಡೆ ಮುಖ ಮಾಡಿ ಕೂರುತ್ತವೆ. ತಿರುಗಿಸುವ ಕೆಲಸವನ್ನು ಪ್ರೋಗ್ರಾಂ ಮಾಡುತ್ತದೆ; ಶುರುವಿನಲ್ಲಿ ಮಾವ ಲ್ಯಾಪ್‌ಟಾಪಿನ ಕೀಲಿಗಳಲ್ಲಿ ಎಡವೋ ಬಲವೋ ಎಂದು ಒಂದು ಸಲ ಒತ್ತಿ ಹೇಳಿದರೆ ಸಾಕು.

ಆ ಭಾನುವಾರದ ನಂತರ ನಾನು ಕಾಲೇಜಿನಲ್ಲಿ ಹೋದಲ್ಲಿ ಬಂದಲ್ಲಿ ಈ ಕತೆ ಹೇಳಿದೆ. ಅನುವಾದ ಎಂದರೆ ಕೊಬ್ಬು ಕರಗಿಸುವುದು ಎಂದು ವಿದ್ಯಾರ್ಥಿಗಳಿಗೆ ಒಂದು ಇಡೀ ತರಗತಿ ಕೊರೆದೆ. ಅವರು ಬರೆದುಕೊಂಡರು ಬೇರೆ.

ಮತ್ತೆ ಮೊಳಕಾಲ್ಮುರಿಗೆ ಹೋದಾಗ ಜಗಲಿಯ ಮೇಲೆ ನೇಕಾರಣ್ಣ ಕೂತಿದ್ದ. ತೊಡೆಯ ಮೇಲೆ ಗೇಣುದ್ದದ ರೇಷ್ಮೆ ತುಂಡು, ಮಾದರಿ ನೇಯ್ದು ಕತ್ತರಿಸಿದ್ದು. ಎಡ ಅಂಚಿನ ಗಿಳಿಗಳು ಒಡಲಿನ ಕಡೆ ನೋಡುತ್ತಿದ್ದವು. ಬಲ ಅಂಚಿನ ಗಿಳಿಗಳು ಒಡಲಿಗೆ ಬೆನ್ನು ಹಾಕಿ ಹೊರಗೆ ಬೀದಿ ನೋಡುತ್ತಿದ್ದವು.

"ಏಮಕ್ಕಾ, ಈ ಗಿಳಿಗೆ ಕೋಪಂ ವಚ್ಚಿಂದಾ?" ಎಂದ, ಗಿಳಿಗೆ ಸಿಟ್ಟು ಬಂತೇ ಎಂದು ಅತ್ತೆಯನ್ನು ತೆಲುಗಿನಲ್ಲಿ ಕೇಳುತ್ತಾ. ಅವಳು ನಗಲಿಲ್ಲ. ಅವನು ದನಿ ಇಳಿಸಿ, ನೋಯಿಸಬಾರದೆಂಬ ನಯದಲ್ಲಿ, "ನಿಂದೇನೂ ತಪ್ಪಿಲ್ಲ ಬಿಡಕ್ಕ. ವಯಸ್ಸಾತು. ಶುಕ್ರವಾರ ಧರ್ಮಾವರಂಗೆ ಹೋಗಿಬರ್ತೀನಿ," ಎಂದ. ಬಯ್ದಿದ್ದರೆ ಅತ್ತೆ ಎರಡು ಭಾಷೆಯಲ್ಲಿ ತಿರುಗಿ ಬಯ್ಯುತ್ತಿದ್ದಳು. ಆದರೆ ಅವನಾಡಿದ್ದು ನಯದ ಮಾತು. ಸೆರಗಿನಿಂದ ಉಳಿ ಒರೆಸುತ್ತಾ ಕೂತಳು, ಒರೆಸಿದ್ದನ್ನೇ ಒರೆಸುತ್ತಾ.

ತುಂಡನ್ನು ಜಗಲಿಯ ಮೇಲೇ ಬಿಟ್ಟು ಅವನು ಹೋದ ಮೇಲೆ ನಾನು ತಕ್ಷಣ ಆರೋಪ ಪಟ್ಟಿ ತೆಗೆದೆ. "ಮಾವ, ನೀವು ಬಲ ಅಂತ ಒತ್ತೋದು ಮರೆತಿದ್ದೀರಿ."

"ಒತ್ತಿದ್ದೆ."

"ಹಾಗಾದ್ರೆ ನಿಮ್ಮ ಪ್ರೋಗ್ರಾಮಲ್ಲೇ ತಿರುಗಿಸೋದು ತಪ್ಪೈತೆ."

ಅತ್ತೆ ನಡುವೆ ಬಾಯಿ ಹಾಕಿದಳು. "ಲ್ಯಾಪ್‌ಟಾಪು ನನ್ನ ಎಡಕ್ಕಿಟ್ಟಿದ್ದೆ ಕಣ್ರೀ. ಎಡದಿಂದ ಸದ್ದು ಬಂದು ಎಡದ್ದೇ ಹೇಳೈತೆ. ಅದಕ್ಕೇ ಆಗಿರೋದು." ಲ್ಯಾಪ್‌ಟಾಪಿಗೆ ತಾನು ಯಾರ ಯಾವ ಬದಿಗಿದ್ದೇನೆಂದು ತಿಳಿಯುವುದಿಲ್ಲ ಎಂದು ನಾನು ವೈಜ್ಞಾನಿಕವಾಗಿ ವಿವರಿಸಿದೆ. "ನಿಂಗೇನು ಗೊತ್ತು, ನೀನು ಅದರೊಳಗೆ ಹೋಗಿದ್ಯಾ?" ಎಂದಳು.

ಮಾವ ಮಾತ್ರ ಒಂದೇ ಒಂದು ಪ್ರಶ್ನೆ ಕೇಳಿದರು. "ನನ್ನ ಪ್ರೋಗ್ರಾಂ ತಪ್ಪು ಅಂತ ಇಟ್ಕೊಳಮ್ಮ. ಹಳೇ ಕಂಪ್ಯೂಟರಲ್ಲಿ ಇಷ್ಟು ವರ್ಷ ಬಲ ಅಂಚು ಸರಿ ಬರ್ತಿತ್ತಲ್ಲ, ಅದು ಹೆಂಗೆ?"

ಚರ್ಚೆಯಲ್ಲಿ ಇಂಥ ಪ್ರಶ್ನೆಗೆ ಉತ್ತರವಿಲ್ಲದಿದ್ದಾಗ "ಒಳ್ಳೆಯ ಪ್ರಶ್ನೆ, ನನ್ನ ಮೂರನೆಯ ಅಂಶದಲ್ಲಿ ಬರುತ್ತೇನೆ" ಎಂದು ದಾಟಿಸುತ್ತೇವೆ. ನಾನು ಹಾಗೆಯೇ ಬಾಯಿ ತೆರೆದೆ. ಉಳಿ ಒರೆಸುತ್ತಿದ್ದ ಅತ್ತೆಯ ಕೈ ಕಂಡಿತು. ಮೂರನೆಯ ಅಂಶ ಬಿಟ್ಟು ಲ್ಯಾಪ್‌ಟಾಪು ತೆರೆದೆ.

ಮಾವನ ತಪ್ಪನ್ನು ಹಿಡಿಯಲೆಂದೇ ಅವರ ಪ್ರೋಗ್ರಾಮಿಗೆ ಒಂದು ಸಾಲು ಸೇರಿಸಿದೆ: ಹೆಜ್ಜೆಹೆಜ್ಜೆಗೂ ಈಗ ಎಡವೋ ಬಲವೋ ಪರದೆಯ ಮೇಲೆ ಹೇಳು. ಓಡಿಸಿ ಬಲ ಎಂದು ಒತ್ತಿದೆ. 'ಬಲ' ಎಂದಿತು. ಸ್ಪೇಸ್ ಬಾರ್ ಒತ್ತಿದೆ. 'ಎಡ' ಎಂದಿತು. ಯಾರೂ ಅದಕ್ಕೆ ಎಡ ಎಂದು ಹೇಳಿರಲಿಲ್ಲ. ಮಾವನ ಸಾಲುಗಳನ್ನು ಮೇಲಿಂದ ಕೆಳಗೆ ಓದಿದೆ, ಕೆಳಗಿಂದ ಮೇಲೆ ಓದಿದೆ. ತಪ್ಪಿದ್ದರೆ ಸಿಗುವಷ್ಟು ಸ್ಪಷ್ಟವಾಗಿ ಬರೆದಿದ್ದರು, ಆ ಹಾಳು ಹಳೆಯ ಭಾಷೆಯ ಗುಣವೇ ಅದು. ಇನ್ನು ಉಳಿದವಳು ನಾನೊಬ್ಬಳೇ.

ಆಗಲೂ ನನ್ನ ಅನುವಾದ ಸರಿ ಎಂದು ಸಾಬೀತು ಮಾಡಲೆಂದೇ ಆ ಅಪರಿಚಿತರ ಗುಲಾಮಿ ಅನುವಾದವನ್ನು ತೆರೆದು ಪಕ್ಕಕ್ಕಿಟ್ಟುಕೊಂಡೆ. ಡಬ್ಬಿಯ ವಿವರದ ತಳದಲ್ಲಿ ಅವರ ಪ್ಯಾಡಿಂಗ್ ಸಾಲು ನೆಟ್ಟಗೆ ಕೂತಿತ್ತು. ನನ್ನದರಲ್ಲಿ ಅಲ್ಲಿ ಏನೂ ಇರಲಿಲ್ಲ.

ಸೇರು ಸುರಿಯುವವರ ಮುಂದೆ ನಾನು ಪಾವು ಹಿಡಿದಿದ್ದೆ. ಲೈಬ್ರರಿಗೆ ನನ್ನ ಡಬ್ಬಿ ಚಿಕ್ಕದೆಂದು ಗೊತ್ತಿಲ್ಲ. ಎಲ್ಲರಿಗೂ ಇರುವಷ್ಟೇ ಜಾಗ ಇದೆಯೆಂದು ನಂಬಿ, ಒಂದು ಕೀಲಿಯ ಪುಟ್ಟ ಸುದ್ದಿಯ ಜೊತೆಗೆ ತನ್ನ ಡಬ್ಬಿಯ ಪೂರ್ತಿ ಅಳತೆಯನ್ನೂ ಸುರಿಯುತ್ತದೆ. ಹೆಚ್ಚಾದದ್ದು ಬರೀ ಸೊನ್ನೆಗಳು. ಅವು ಪಕ್ಕದ ಮನೆಗೆ ಚೆಲ್ಲುತ್ತವೆ. ಪಕ್ಕದ ಮನೆಯಲ್ಲಿದ್ದದ್ದು ಎಡವೋ ಬಲವೋ ಎಂದು ನೆನಪಿಟ್ಟುಕೊಳ್ಳುವ ಮಾವನ ವೇರಿಯಬಲ್. ಅವರ ಲೆಕ್ಕದಲ್ಲಿ ಸೊನ್ನೆ ಎಂದರೆ ಎಡ. ಅತ್ತೆ ಮೊದಲ ಸಲ ಹೆಬ್ಬೆರಳು ಒತ್ತಿದ ಕ್ಷಣವೇ ಬಲ ಅಂಚು ಎಡವಾಗಿಬಿಟ್ಟಿತ್ತು. ನಾನು ಮನೆಯಲ್ಲಿ ಪರೀಕ್ಷಿಸಿದ್ದು ಎಡವನ್ನು. ಎಡವನ್ನು ಎಡ ಮಾಡಿದರೆ ಯಾರಿಗೆ ತಿಳಿಯುತ್ತದೆ?

ಅಳಿಸಿದ್ದ ಒಂದು ಸಾಲನ್ನು ತಿರುಗಿ ಬರೆದೆ. 'ಬಲ' ಎಂದಿತು. ಸ್ಪೇಸ್ ಬಾರ್ ಒತ್ತಿದೆ. 'ಬಲ' ಎಂದಿತು. ಮಾವನಿಗೆ ವಿಷಯ ಹೇಳಿದೆ. ಅವರು ಆ ಸಾಲನ್ನು ಕನ್ನಡಕ ಸರಿಮಾಡಿಕೊಂಡು ನೋಡಿ, "ಇದು ಏನು ಮಾಡ್ತೈತೆ?" ಎಂದರು.

"ಏನೂ ಮಾಡಲ್ಲ ಮಾವ."

"ಏನೂ ಮಾಡದೆ ಇಷ್ಟೆಲ್ಲ ಮಾಡ್ತಾ?"

ಅವ್ವನಿಗೆ ಫೋನಿನಲ್ಲಿ ಹೇಳಿದ್ದು ದೊಡ್ಡ ತಪ್ಪಾಯಿತು. ಅವ್ವನ ತವರು ದೊಡ್ಡಉಳ್ಳಾರ್ತಿ ಕಡೆ, ಕಾವಲು ಎಂದು ಕರೆಯುವ ಹುಲ್ಲುಬಯಲಿನಲ್ಲಿ ಕುರಿ ಮೇಯಿಸಿದ ಮನೆ. ಕಾವಲು ಖಾಲಿ ಬಿದ್ದಿರುವ ಜಮೀನು ಎಂಬ ವಿಷಯದ ಪರವಾಗಿ, ಚೀಟಿಯಲ್ಲಿ ಹಾಗೆ ಬಂದದ್ದರಿಂದ, ನಾನು ಒಮ್ಮೆ ಚರ್ಚೆಯಲ್ಲಿ ಮಾತಾಡಿದ್ದೆ. ಸೀಗೇಪುಡಿಯ ಕಪ್ಪು ಆ ದಿನದ್ದು. ಅವ್ವ ಎಲ್ಲ ಕೇಳಿಸಿಕೊಂಡು, "ಅವತ್ತು ಕಾವಲು ಖಾಲಿ ಅಂದೆ, ಇವತ್ತು ಇದನ್ನ ಖಾಲಿ ಅಂದೆ. ನಿಂಗೆ ಖಾಲಿ ಕಂಡಿದ್ದನ್ನೆಲ್ಲ ಮೊದ್ಲು ನಂಗೆ ಕೇಳು," ಎಂದು ಫೋನಿಟ್ಟಳು.

ಅತ್ತೆಗೆ ವಿವರಣೆ ಬೇಕಿರಲಿಲ್ಲ. "ಸರಿಯಾತಾ?" ಎಂದಳು. ಆಯಿತು ಎಂದೆ. "ಹೊಸ ರಟ್ಟು ತಗಂಡು ಬಾ ಹೋಗು." ಲ್ಯಾಪ್‌ಟಾಪನ್ನು ಮಾತ್ರ ಈ ಸಲ ತನ್ನ ಬಲಕ್ಕೆ ಇಡಿಸಿಕೊಂಡಳು. ನಾನು ಏನೋ ಹೇಳಲು ಹೋದೆ. ಮಾವ ಕಣ್ಣಲ್ಲೇ ತಡೆದರು.

ಬಲ ಅಂಚನ್ನು ಅವಳು ಮತ್ತೆ ಮೊದಲಿನಿಂದ ಹೊಡೆದಳು. ಕಾಲೇಜಿಗೆ ರಜೆ ಹಾಕಿ ಪಕ್ಕದಲ್ಲಿ ಕೂತೆ. ಅದೊಂದು ಶಿಕ್ಷೆ, ಆ ಕೋಣೆಯಲ್ಲಿ ಮಾತಾಡುವಂತಿಲ್ಲ. ನಡುವೆ ಯಾರಾದರೂ ಬಾಯಿ ಬಿಟ್ಟರೆ ಟಿಣ್ಣೋ ಡಬ್ಬೋ ತಪ್ಪಿ, ತೂತು ತಪ್ಪಿ, ರಟ್ಟು ಹಾಳು. ಇದುವರೆಗೆ ಗಂಟೆ ಹೊಡೆದ ಮೇಲೂ ಮಾತು ಮುಗಿಸದವಳು ನಾನು. ಇಲ್ಲಿ ಗಂಟೆಗಳ ನಡುವೆ ಉಸಿರೂ ಬಿಗಿಹಿಡಿದೆ. ಹಾಲಿನವಳು ಬಾಗಿಲಲ್ಲಿ ಕೂಗಿದಾಗ ಅವಳಿಗೂ ಕೈಸನ್ನೆ ಮಾಡಿದೆ. ಅವಳು ನನ್ನನ್ನು ಮೂಗಿ ಎಂದುಕೊಂಡು, ಪಾಪ ಎಂಬಂತೆ ಒಂದಿಷ್ಟು ಹಾಲು ಜಾಸ್ತಿ ಹಾಕಿಹೋದಳು.

ಗುರುವಾರ ಕಂತೆಯನ್ನು ಅತ್ತೆ ತಾನೇ ಹೊತ್ತುಕೊಂಡು ಎದುರುಮನೆಗೆ ಹೋದಳು. "ನಾಳೆ ಹೋಗುವಂತೆ ಧರ್ಮಾವರಂಗೆ. ಇವತ್ತು ಇದನ್ನ ಹಾಕಿ ನೋಡು," ಎಂದಳಂತೆ. ಶುಕ್ರವಾರ ಧರ್ಮಾವರಂ ಬಸ್ಸು ಬೀದಿಯ ತುದಿಯಲ್ಲಿ ಹಾರ್ನ್ ಹೊಡೆದು ಹೋಯಿತು. ಸ್ವಲ್ಪ ಹೊತ್ತಿಗೆ ನೇಕಾರಣ್ಣ ನಮ್ಮ ಜಗಲಿ ಹತ್ತಿದ. ಕೈಯಲ್ಲಿ ಹೊಸ ತುಂಡು, ಎರಡು ಬದಿಯ ಗಿಳಿಗಳೂ ಒಡಲಿಗೆ ಮುಖ ಮಾಡಿದ್ದವು. ಕಂಕುಳಲ್ಲಿ ಇನ್ನೊಂದು ಚೌಕಳಿ ಹಾಳೆ.

"ಗಿಳಿಗಳು ರಾಜಿ ಆದ್ವಕ್ಕ," ಎಂದ. "ಇದು ಮಾವಿನಕಾಯಿ ಅಂಚು. ನಿಧಾನಕ್ಕೆ ಹೊಡಿ, ಅವಸರ ಇಲ್ಲ."

"ಮೆಷಿನ್ನಲ್ಲಿ ಹೊಡೆಸ್ತೀನಿ ಅಂದಿದ್ದೆ?"

"ಅಂದಿದ್ದೆ," ಎಂದು ತಲೆ ಕೆರೆದುಕೊಂಡ. "ಹಾಳೆ ಇಟ್ಟು ಹೋಗ್ಲಾ ಬ್ಯಾಡ್ವಾ ಹೇಳಕ್ಕ."

ಅತ್ತೆ ಹಾಳೆಯನ್ನು ಕಣ್ಣ ಹತ್ತಿರ ಹಿಡಿದು ನೋಡುವ ನಾಟಕ ಮಾಡಿದಳು, ಅವಳಿಗೆ ಅದರಲ್ಲಿ ಏನೂ ಕಾಣುವುದಿಲ್ಲವೆಂದು ಮೂವರಿಗೂ ಗೊತ್ತಿದ್ದರೂ. ಆಮೇಲೆ ಅದನ್ನು ಮಾವನ ಕೈಗೆ ಕೊಟ್ಟು, ಮುನಿಸಿಕೊಂಡ ಗಿಳಿಯ ತುಂಡನ್ನು ನನ್ನ ಮಡಿಲಿಗೆ ಎಸೆದಳು. "ಇದು ನಿಂದು. ಮುಂದಿನ ಸಲ ಭಾಷಣಕ್ಕೆ ಹೋಗುವಾಗ ಬ್ಯಾಗಲ್ಲಿ ಇಟ್ಕಾ."

ಅದಕ್ಕೆ ನನ್ನ ಬಳಿ ಎರಡು ಒಳ್ಳೆಯ ಪ್ರತ್ಯುತ್ತರಗಳಿದ್ದವು. ಮಾವ ಹೊಸ ಹಾಳೆಯನ್ನು ಕಂಪ್ಯೂಟರಿಗೆ ತುಂಬಿ ಮುಗಿಸುವವರೆಗೂ ಅವನ್ನು ತಿದ್ದಿ ತೀಡುತ್ತಿದ್ದೆ. ಅಷ್ಟರಲ್ಲಿ ಅತ್ತೆ ಬೋಳು ಕೀಬೋರ್ಡಿನ ಮುಂದೆ ಕೂತು ಹೆಬ್ಬೆರಳು ಇಟ್ಟಾಗಿತ್ತು.

ಟಿಣ್.

ಸುಮ್ಮನಾದೆ.